ಸೊಂಟದುದ್ದ

ಕೋಲು ಪೂರ್ತಿ ಒಳಗೆ ಹೋಯಿತು. ತಳ ಸಿಗಲಿಲ್ಲ.

ಮಗಳು ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿದ್ದಳು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣನ್ನು ಬಿಗಿಯಾಗಿ ಮುಚ್ಚಿ, ಬಲಗೈಯನ್ನು ಭುಜದವರೆಗೆ ಒಳಗೆ ಚಾಚಿದ್ದಳು. ಕೈಯಲ್ಲಿದ್ದದ್ದು ಬೇಲಿಯಿಂದ ಕಿತ್ತ ಕೋಲು; ಅವಳಷ್ಟೇ ಎತ್ತರದ್ದು. ಅದರ ತುದಿ ಅತ್ತಿತ್ತ ಆಡಿತೇ ಹೊರತು ಯಾವುದಕ್ಕೂ ತಾಗಲಿಲ್ಲ. ಕೆಳಗಿನಿಂದ ತಣ್ಣನೆಯ ಗಾಳಿ ಎದ್ದು ಅವಳ ಅಂಗಿಯ ತೋಳಿನೊಳಗೆ ಹೊಕ್ಕಿತು. ಆ ಗಾಳಿಯಲ್ಲಿ ಬಹಳ ಆಳದ ಹಸಿಮಣ್ಣಿನ ವಾಸನೆಯಿತ್ತು. ಅವಳ ಬೆರಳು ತಾವಾಗಿಯೇ ಸಡಿಲವಾದವು. ಕೋಲು ಕೆಳಗೆ ಬಿದ್ದ ಸದ್ದು ಬರಲು ಅವಳು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ತೆವಳಿಕೊಂಡೇ ಹಿಂದೆ ಸರಿದು, ಎದ್ದು ಕೂತು, ಅವಳು ಹಾರೆ ಮಾಮನನ್ನು ಕೇಳಿದಳು.

"ಎಷ್ಟು ಆಳ ಮಾಮ ಇದು?"

ಹಾರೆ ಮಾಮ ಅವಳ ತಂದೆಯ ತಂಡದಲ್ಲಿ ಎಲ್ಲರಿಗಿಂತ ಹಿರಿಯ. ಬಾವಿ ತೋಡುತ್ತ ತೋಡುತ್ತಲೇ ಹಲ್ಲು ಉದುರಿಸಿಕೊಂಡವನು. ಅವನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿಕೊಂಡಾದ ಮೇಲೂ ಬಟ್ಟೆಯನ್ನು ಮುಖದಿಂದ ಇಳಿಸಲಿಲ್ಲ.

"ಅಳೆದಿಲ್ಲ ಪುಟ್ಟಿ," ಎಂದ ಬಟ್ಟೆಯೊಳಗಿನಿಂದಲೇ. "ಎರಡಾಳು ಆಗಿರ್ಬಹುದು."

"ಒಂದು ಚೂರು ಹೆಚ್ಚೂ ಇರ್ಬಹುದು," ಎಂದು ತಂಡದ ಗಿಡ್ಡ ಸೇರಿಸಿದ. ಪಕ್ಕದಲ್ಲಿದ್ದ ಹಗ್ಗದಣ್ಣ ಅವನ ಕಾಲು ತುಳಿದ.

ನಡೆದದ್ದು ಇಷ್ಟು. ಸತ್ತವನು ಬಾವಿ ಮೇಸ್ತ್ರಿ. ದಡದಲ್ಲಿ ನಿಂತು, ಕೆಳಗಿನಿಂದ ಬುಟ್ಟಿಯಲ್ಲಿ ಬರುವ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಅಪಾಯ ಹತ್ತಿರವಾಗುವ ಮೊದಲೇ "ಸಾಕು, ಮೇಲೆ ಬನ್ನಿ" ಎನ್ನುವುದು ಅವನ ಕೆಲಸವಾಗಿತ್ತು. ಆ ಮಾತನ್ನು ಅವನು ಸದಾ ಬೇಕಾದದ್ದಕ್ಕಿಂತ ಮುಂಚೆಯೇ ಹೇಳುತ್ತಿದ್ದ. ಅವನು ತೋಡಿಸಿದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ಕೊಡ ಮುಳುಗುತ್ತಿರಲಿಲ್ಲ. ತೋಡಿಸಿಕೊಂಡವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮುಂದಿನ ಬಾವಿಗೆ ಮತ್ತೆ ಅವನನ್ನೇ ಕರೆಯುತ್ತಿದ್ದರು, ಏಕೆಂದರೆ ಅವನು ದಡದಲ್ಲಿ ನಿಂತ ಬಾವಿಗಳಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಹೀಗೆ ಜನರ ಬಾಯಲ್ಲಿ ಅವನು ಸಾಕು ಮೇಸ್ತ್ರಿಯಾದ. ತನ್ನ ನಿಜವಾದ ಹೆಸರು ಕೂಗಿದರೆ ಅವನೇ ಹಿಂತಿರುಗಿ ನೋಡುತ್ತಿರಲಿಲ್ಲ ಎನ್ನುತ್ತಾರೆ.

ಆ ಮೇಸ್ತ್ರಿ ನಿನ್ನೆ ಮಧ್ಯಾಹ್ನ ತೀರಿಕೊಂಡ. ಸುದ್ದಿ ಮುಟ್ಟಿದ ಕೂಡಲೇ ತಂಡದ ಮೂವರು ಗುದ್ದಲಿ, ಹಾರೆ, ಬುಟ್ಟಿ ಹೊತ್ತು ಸ್ಮಶಾನಕ್ಕೆ ಬಂದರು. ಮೇಸ್ತ್ರಿಯ ಗುಂಡಿಯನ್ನು ಬೇರೆಯವರ ಕೈಗೆ ಬಿಡುವುದು ಅವರಿಗೆ ಆಗದ ಮಾತು. ಅಗೆಯುವಾಗ ಕೈ ತನ್ನ ರೂಢಿಯಂತೆ ದುಂಡಗೆ ಗೆರೆ ಎಳೆಯಿತು. ಮೊಣಕಾಲು ಮುಳುಗಿತು, ಎದೆ ಮುಳುಗಿತು, ತಲೆ ಮುಳುಗಿತು. ಆಮೇಲೆ ಹಗ್ಗ ಕಟ್ಟಿ ಬುಟ್ಟಿ ಎಳೆಯತೊಡಗಿದರು. ಇವತ್ತು ಬೆಳಗ್ಗೆ ಬಂದು ಮತ್ತೆ ಅದನ್ನೇ ಮುಂದುವರಿಸಿದರು. ಶವದ ವ್ಯಾನು ಗೇಟಿನ ಬಳಿ ಬಂದು ನಿಂತಾಗ ಗಿಡ್ಡ ಕೆಳಗೇ ಇದ್ದ. ಅವನನ್ನು ಹಗ್ಗದಲ್ಲಿ ಮೇಲೆಳೆಯಬೇಕಾಯಿತು.

ಮಾತು ಅಪರೂಪದ ಹಗ್ಗದಣ್ಣ ಈಗ ತನ್ನ ಬೊಬ್ಬೆಯೆದ್ದ ಅಂಗೈ ನೋಡಿಕೊಳ್ಳುತ್ತ, "ಸಾಕು ಅನ್ನೋರು ಇರ್ಲಿಲ್ಲ," ಎಂದ.

ಮಗಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಬೇಕಾದಷ್ಟು ತ್ರಾಣ ಉಳಿದಿರಲಿಲ್ಲ. ಅಪ್ಪ ಕೊನೆಯ ದಿನಗಳಲ್ಲಿ ಅವಳೊಬ್ಬಳನ್ನೇ ಹತ್ತಿರ ಕರೆದು ಮಾತು ತೆಗೆದುಕೊಂಡಿದ್ದ. ಸೊಂಟದುದ್ದಕ್ಕಿಂತ ಕೆಳಗೆ ತನ್ನನ್ನು ಇಳಿಸಬಾರದು. ಅದಕ್ಕೆ ಅವಳು ಹೂಂ ಎಂದಿದ್ದಳು.

ಮೇಸ್ತ್ರಿಯ ತಮ್ಮ, ಅವಳ ಚಿಕ್ಕಪ್ಪ, ಬಸ್ ಡಿಪೋದಲ್ಲಿ ಬಸ್ಸುಗಳು ಹೊರಡುವ ಹೊತ್ತನ್ನು ನೋಡಿಕೊಳ್ಳುವವನು. ಲೋಕದಲ್ಲಿ ಯಾವುದೂ ತಡವಾಗಿ ಹೊರಡಬಾರದು ಎಂಬುದು ಅವನ ನಂಬಿಕೆ. ಗಡಿಯಾರವನ್ನೂ ಆಕಾಶವನ್ನೂ ಸರದಿಯಂತೆ ನೋಡುತ್ತಿದ್ದ. ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಆಳವಾದರೆ ಒಳ್ಳೆಯದೇ ಆಯಿತು, ನಾಯಿನರಿ ಕೆದಕುವುದಿಲ್ಲ ಎಂದು ಅವನು ಸಮಾಧಾನ ಹೇಳಿದ. ಅಪ್ಪ ಕೇಳಿದ್ದು ಸೊಂಟದುದ್ದ ಎಂದು ಮಗಳು ಹೇಳಿದಾಗ ಅವನ ದನಿ ಮೆತ್ತಗಾಯಿತು.

"ನೋಡಮ್ಮ, ಅಣ್ಣನಿಗೆ ಇನ್ನು ಸೊಂಟದುದ್ದವೂ ಒಂದೇ, ಎರಡಾಳೂ ಒಂದೇ. ಅವನಿಗೇನು ಗೊತ್ತಾಗುತ್ತೆ?"

ಇದೇ ಮಾತಿಗೆ ಅಪ್ಪ ಕೊಟ್ಟಿದ್ದ ಉತ್ತರ ಅವಳ ಕಿವಿಯಲ್ಲಿತ್ತು.

*

ಅವಳು ಆಗ ಲಂಗದ ಹುಡುಗಿ. ಅಪ್ಪ ಇನ್ನೂ ದಡದ ಮನುಷ್ಯನಾಗಿರಲಿಲ್ಲ. ಎಲ್ಲರಿಗಿಂತ ಕೆಳಗೆ ಇಳಿಯುವವನು ಅವನೇ. ರಜಾದಿನ ಊಟದ ಡಬ್ಬಿ ಒಯ್ಯುವುದು ಅವಳ ಕೆಲಸ. ಡಬ್ಬಿಯನ್ನು ನೆರಳಲ್ಲಿಟ್ಟು ಅವಳು ಬಾವಿಯ ಪಕ್ಕದಲ್ಲಿ, ಗೂಟಕ್ಕೆ ಬಿಗಿದ ಹಗ್ಗದ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಕೆಳಗಿನಿಂದ ಅಪ್ಪ ಹಗ್ಗವನ್ನು ಎರಡು ಸಲ ಜಗ್ಗುತ್ತಿದ್ದ. ಬಂದೆಯಾ ಎಂದು ಅದರ ಅರ್ಥ. ಅವಳು ಎರಡು ಸಲ ಜಗ್ಗಿದರೆ, ಬಂದೆ.

ಆ ದಿನವೂ ಅವಳು ಜಗ್ಗಿದಳು. ಆಗ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ಯಾರೋ ಅಗಲವಾದ ಬಟ್ಟೆಯನ್ನು ಮೆಲ್ಲಗೆ, ಬಹಳ ಜಾಗ್ರತೆಯಿಂದ ಹರಿದಂತೆ. ಹಗ್ಗ ಅವಳ ಅಂಗೈಯನ್ನು ಸುಟ್ಟುಕೊಂಡು ಒಂದು ಮಾರು ಒಳಗೆ ಓಡಿ, ಬಿಗಿದು, ನಿಂತಿತು. ಬಗ್ಗಿ ನೋಡಿದರೆ ಬಾವಿ ಇರಲಿಲ್ಲ. ಬಾವಿಯಿದ್ದಲ್ಲಿ ಕೆಂಪು ಮಣ್ಣಿನ ನೆಲವೊಂದು ಹೊಗೆಯಾಡುತ್ತಿತ್ತು. ಹಗ್ಗ ಅದರ ನಡುವೆ ನೆಟ್ಟಂತೆ ಒಳಗೆ ಹೋಗಿತ್ತು.

ಅವಳು ಮತ್ತೆ ಎರಡು ಸಲ ಜಗ್ಗಿದಳು. ಯಾರೋ ಬಂದು ಅವಳ ಬೆರಳು ಬಿಡಿಸುವವರೆಗೂ ಜಗ್ಗುತ್ತಲೇ ಇದ್ದಳು.

ಮರುದಿನ ಬಿಸಿಲೇರಿದ ಮೇಲೆ ಅವನನ್ನು ತೆಗೆದರು. ಬಂಡೆಯ ಚಾಚೊಂದು ತಲೆಯ ಮೇಲೆ ಚಾವಣಿಯಂತೆ ನಿಂತು ಅವನನ್ನು ಉಳಿಸಿತ್ತು. ಹಾರೆ ಮಾಮ ಅವನನ್ನು ಮಗುವಿನಂತೆ ಎತ್ತಿಕೊಂಡು ಬಂದ. ಅಪ್ಪನ ಕಣ್ಣು ತೆರೆದಿದ್ದವು. ರೆಪ್ಪೆಯ ಮೇಲೆಲ್ಲ ಮಣ್ಣು. ಅವಳು ಅಪ್ಪಾ ಎಂದಳು. ಆ ಕಣ್ಣು ಅವಳ ಮೇಲೆ ಬಂದು, ಅಲ್ಲಿ ಯಾರೂ ಇಲ್ಲದಂತೆ, ಆಚೆ ಹೋದವು.

*

ವ್ಯಾನಿನ ಹಿಂಬಾಗಿಲು ತೆರೆದಿತ್ತು. ಅಮ್ಮ ಒಳಗೆ ಬೆಂಚಿನ ಮೇಲೆ, ಬಿಳಿ ಬಟ್ಟೆ ಹೊದಿಸಿದ ಗಂಡನ ಕಾಲ ಬಳಿ, ಪ್ರಯಾಣಕ್ಕೆ ಹೊರಟವಳಂತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗಳು ನಡೆದದ್ದನ್ನು ಹೇಳಿದಳು. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ, ಹೊದಿಕೆಯ ಒಂದು ಮಡಿಕೆಯನ್ನು ಸರಿಮಾಡಿದಳು.

"ಬಾವಿಯಿಂದ ಮೇಲೆ ಬಂದ್ಮೇಲೆ ಇಷ್ಟು ವರ್ಷದಲ್ಲಿ ಬಾಗಿಲು ಹಾಕಿದ ಕೋಣೇಲಿ ಒಂದು ದಿನ ಮಲಗ್ಲಿಲ್ಲ ಈ ಮನುಷ್ಯ. ಚಳೀಲೂ ಅಂಗಳವೇ. ಇವತ್ತು ನೋಡು, ಮಿಸುಕದೆ ಹೇಗೆ ಮಲಗಿದಾರೆ," ಎಂದಳು. "ಅಷ್ಟು ಆಳಕ್ಕೆ ಬೇಡ ಕಣೆ. ಎದ್ದು ಕೂತ್ಬಿಡ್ತಾರೆ."

ಗುಂಡಿಯ ಬಳಿ ಮಾತುಕತೆ ನಡೆದಿತ್ತು. ಪಕ್ಕದಲ್ಲಿ ಬೇರೆ ತೋಡೋಣವೆಂದರೆ ಸುತ್ತ ಹಳೆಯ ಗೋರಿಗಳು. ಉಳಿದ ತುಣುಕು ಜಾಗದಲ್ಲಿ ಗುದ್ದಲಿ ಹಾಕಿದರೆ ಈ ಗುಂಡಿಯ ಗೋಡೆಯೇ ಕುಸಿಯುತ್ತದೆ. ತೆಗೆದ ಮಣ್ಣನ್ನು ಮತ್ತೆ ತುಂಬಿ ತಳ ಎತ್ತರಿಸುವುದೊಂದೇ ದಾರಿ ಎಂದು ಹಾರೆ ಮಾಮ ಹೇಳಿದ. ಚಿಕ್ಕಪ್ಪ, ಹಾಗಿದ್ದರೆ ಬೇಗ ಸುರಿಯಿರಿ, ಮಳೆ ಬರುವ ಮೊದಲು ಮುಗಿಸೋಣ ಎಂದ. ಹಾರೆ ಮಾಮ ತಲೆಯಾಡಿಸಿದ. ಬರಿದೆ ಸುರಿದ ಮಣ್ಣು ನಿಲ್ಲುವುದಿಲ್ಲ. ಒಂದು ಮಳೆ ಬಿದ್ದರೆ ಒಂದು ಮೊಳ ಕುಗ್ಗುತ್ತದೆ, ಎರಡು ಮಳೆಗೆ ಇನ್ನೊಂದು ಮೊಳ. ಮೇಲಿಟ್ಟದ್ದೂ ಅದರ ಜೊತೆಗೆ ಇಳಿಯುತ್ತದೆ. ಪ್ರತಿ ಬುಟ್ಟಿಗೂ ಯಾರಾದರೂ ಒಳಗೆ ನಿಂತು ತುಳಿಯಬೇಕು. ತುಳಿಯುತ್ತ ತುಳಿಯುತ್ತ ಅವರೂ ಮಣ್ಣಿನ ಜೊತೆಗೇ ಮೇಲೆ ಬರಬೇಕು.

ಗಿಡ್ಡ ಆಗಲೇ ಅಂಗಿ ಬಿಚ್ಚುತ್ತಿದ್ದ.

ಮಗಳು ಅವನ ಕಾಲು ನೋಡಿದಳು. ನಿನ್ನೆಯಿಂದ ಅಗೆದು ಸೋತು, ನಿಂತಲ್ಲೇ ನಡುಗುತ್ತಿದ್ದ ಕಾಲು. ಅವನು ಒಳ್ಳೆಯವನೇ. ತುಳಿದೆ ಎಂದರೆ ತುಳಿದೇ ಇರುತ್ತಾನೆ. ಆದರೆ ಅವಳ ಮನಸ್ಸು ಆಗಲೇ ಮುಂದಿನ ಮಳೆಗಾಲಕ್ಕೆ ಓಡಿಹೋಗಿತ್ತು. ಪೇಟೆಯಲ್ಲಿ ಅವಳ ಬಾಡಿಗೆ ಕೋಣೆ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿತ್ತು. ಅವಳು ಬಟ್ಟೆ ಕತ್ತರಿಸುವ ಹೊಲಿಗೆ ಅಂಗಡಿಯೂ ಮಹಡಿಯ ಮೇಲೇ. ಬಾಡಿಗೆ ಕಡಿಮೆಯೆಂದು ಯಾರಾದರೂ ನೆಲಮಹಡಿಯ ಮನೆ ತೋರಿಸಿದರೆ ಮಂಡಿನೋವಿದೆ ಎಂದು ಸುಳ್ಳು ಹೇಳಿ ಮೆಟ್ಟಿಲು ಹತ್ತಿ ಓಡಿಹೋಗುತ್ತಿದ್ದಳು. ಮಂಡಿನೋವಿಗೂ ಮೆಟ್ಟಿಲಿಗೂ ಏನು ಸಂಬಂಧವೆಂದು ಕೇಳುವಷ್ಟು ಹೊತ್ತನ್ನು ಯಾರಿಗೂ ಕೊಡುತ್ತಿರಲಿಲ್ಲ. ಆ ಕೋಣೆಯಲ್ಲಿ ಮಲಗಿ, ಚಾವಣಿಯ ಮೇಲೆ ಬೀಳುವ ಪ್ರತಿ ಹನಿಗೂ ಅಪ್ಪ ಒಂದೊಂದು ಎಳೆಯಷ್ಟು ಕೆಳಗಿಳಿಯುವುದನ್ನು ತಾನು ಕೇಳಿಸಿಕೊಳ್ಳುತ್ತೇನೆಂದು ಅವಳಿಗೆ ಖಚಿತವಾಯಿತು. ಬೇರೆಯವರು ತುಳಿದ ಮಣ್ಣನ್ನು ನಂಬಿ ತನಗೆ ನಿದ್ದೆ ಬರುವುದಿಲ್ಲ.

"ನಾನು ಇಳೀತೀನಿ," ಎಂದಳು.

ಹೇಳಿದ ಮೇಲೆ, ಮಾತು ಬೇರೆ ಯಾರದೋ ಬಾಯಿಂದ ಬಂತೇನೋ ಎಂಬಂತೆ ಸುತ್ತ ನೋಡಿದಳು.

ಚಿಕ್ಕಪ್ಪ ಹಣೆ ಚಚ್ಚಿಕೊಂಡ. ಬಂದವರಲ್ಲಿ ಹೆಂಗಸರು, ದುಃಖದಲ್ಲಿ ತಲೆ ಕೆಟ್ಟಿದೆ ಪಾಪ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹಾರೆ ಮಾಮ ಮಾತ್ರ ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ಪುಟ್ಟಿ, ನಿನ್ನ ಮುಂದೆ ಸುಳ್ಳು ಹೇಳಲ್ಲ. ತೆಗೆದ ಮಣ್ಣಿನ ರಾಶಿ ಅಂಚಿಗೆ ತುಂಬ ಹತ್ತಿರ ಇದೆ. ಅದೂ ನಮ್ದೇ ತಪ್ಪು. ಗೋಡೆ ಉದುರಬಹುದು."

"ಉದುರುತ್ತೆ ಅಂತ ಗೊತ್ತು ಮಾಮ," ಎಂದಳು ಅವಳು. "ಅದಕ್ಕೇ ಹೆದರ್ತಾ ಇದೀನಿ. ಬೇರೆ ಯಾವುದಕ್ಕೂ ಅಲ್ಲ."

*

ಬಾವಿಯಿಂದ ಮೇಲೆ ಬಂದ ಮೇಲೆ ಅಪ್ಪ ಬಹಳ ಕಾಲ ಮಾತಾಡಲಿಲ್ಲ. ಬಾಗಿಲು ಹಾಕಿದರೆ ಕೂಗುತ್ತಿದ್ದ. ಹೊದಿಕೆ ಮುಖಕ್ಕೆ ತಾಗಿದರೆ ಕೈಕಾಲು ಬಡಿಯುತ್ತಿದ್ದ. ಅಂಗಳದಲ್ಲಿ ಹಾಸಿಗೆ ಹಾಕಿಕೊಂಡು, ಬೆಳಕು ಮೂಡುತ್ತಲೇ ಎದ್ದು, ಇಟ್ಟಿಗೆ ಗೂಡುಗಳಾಚೆಯ ಬಯಲಿಗೆ ಹೊರಟುಬಿಡುತ್ತಿದ್ದ. ಮರವಿಲ್ಲ, ಗೋಡೆಯಿಲ್ಲ; ಮೋಟು ಹುಲ್ಲು, ಬೆಣಚುಕಲ್ಲು, ಮೇಲೆ ಆಕಾಶ. ಆ ಕಡೆ ಹಳೆಯ ಮಣ್ಣಿನ ಹೊಂಡಗಳಿದ್ದವು. ಅವನು ಬೇಕೆಂದೇ ಬಿದ್ದಾನು ಎಂಬ ಭಯ ಅಮ್ಮನಿಗೆ. ಹಿಂದೆಯೇ ಹೋಗು, ಕಾಣಿಸಿಕೊಳ್ಳಬೇಡ ಎಂದು ಮಗಳನ್ನು ಅಟ್ಟುತ್ತಿದ್ದಳು.

ಹುಡುಗಿ ಇಟ್ಟಿಗೆ ರಾಶಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮೈಯೆಲ್ಲ ಕಣ್ಣಾಗಿ, ಅಪ್ಪನ ಬೆನ್ನನ್ನು ಕಾಯುತ್ತಿದ್ದಳು. ಬೆನ್ನು ತಗ್ಗಿನಲ್ಲಿ ಮರೆಯಾದರೆ ಅವಳ ಉಸಿರು ನಿಲ್ಲುತ್ತಿತ್ತು. ಮತ್ತೆ ಕಂಡರೆ ಉಸಿರು ಬರುತ್ತಿತ್ತು. ಹೀಗೆಯೇ ಅವಳ ಬೆಳಗುಗಳು ಕಳೆದವು.

ಒಂದು ಬೆಳಗ್ಗೆ ಅಪ್ಪ ಹೊಂಡದ ದಿಕ್ಕಿಗೇ ನೆಟ್ಟಗೆ ನಡೆದ. ಅವನ ಹೆಜ್ಜೆಯಲ್ಲಿ ಏನೋ ತೀರ್ಮಾನವಿದ್ದಂತಿತ್ತು. ಹುಡುಗಿ ಎದ್ದು ನಿಂತಳು. ಆಗ ಅವನ ಕಾಲ ಬುಡದಿಂದಲೇ ಟಿಟ್ಟಿಭ ಹಕ್ಕಿಯೊಂದು ಸಿಡಿದಂತೆ ಎದ್ದಿತು. ಎದ್ದದ್ದು ಹಾರಿಹೋಗಲಿಲ್ಲ. ತೆಳು ಹಳದಿ ಕಾಲುಗಳ ಮೇಲೆ ಅವನ ಮುಂದೆ ನಿಂತು, ಸಾಲ ವಸೂಲಿಗೆ ಬಂದವಳಂತೆ, ಇಡೀ ಬಯಲಿಗೆ ಕೇಳಿಸುವ ಹಾಗೆ ಬೈಯತೊಡಗಿತು. ಅವನು ಎಡಕ್ಕೆ ಸರಿದರೆ ಅದೂ ಎಡಕ್ಕೆ ಓಡಿತು. ಬಲಕ್ಕೆ ಸರಿದರೆ ಬಲಕ್ಕೆ. ಕೊನೆಗೆ ಒಂದು ರೆಕ್ಕೆ ಮುರಿದುಹೋದಂತೆ ಅದನ್ನು ನೆಲದ ಮೇಲೆ ಎಳೆಯುತ್ತ, ಕುಂಟುತ್ತ ನಾಟಕ ಶುರುಮಾಡಿತು. ಅಪ್ಪ ನಿಂತ. ಕೆಳಗೆ ನೋಡಿದ. ಅವನ ಹೆಬ್ಬೆರಳಿನಿಂದ ಒಂದು ಗೇಣು ಮುಂದೆ, ಗೂಡೂ ಇಲ್ಲದೆ, ಗುಳಿಯೂ ಇಲ್ಲದೆ, ಬರಿಯ ಬೆಣಚುಕಲ್ಲುಗಳ ನಡುವೆ ನಾಲ್ಕು ಮೊಟ್ಟೆಗಳಿದ್ದವು.

ಅವನು ಅಲ್ಲಿಯೇ, ಹಕ್ಕಿಗೆ ಬೇಸರವಾಗದಷ್ಟು ದೂರ ಹಿಂದೆ ಸರಿದು ಕೂತ. ಅವನ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾನೆಂದು ಹುಡುಗಿ ಓಡಿಬಂದಳು. ಅವನು ನಗುತ್ತಿದ್ದ.

"ಎಲ್ಲಾ ಬಯಲಲ್ಲೇ ಇಟ್ಕೊಂಡಿದೆ ನೋಡು ಮಗಾ," ಎಂದ. ಬಾವಿಯಿಂದ ಬಂದ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು. "ಎಂಥ ಧೈರ್ಯ. ಎಂಥ ಬಾಯಿ."

ಅಂದಿನಿಂದ ಅವನು ಬಯಲಿಗೆ ಹೋದದ್ದು ಆ ಹಕ್ಕಿಯ ಬೈಗುಳ ಕೇಳಲು. ಮರಿ ಹೊರಬಂದದ್ದು, ಅವು ಅಪಾಯ ಕಂಡರೆ ಕಲ್ಲಿನಂತೆ ಕುಕ್ಕರಿಸುವುದು, ಹುಲ್ಲಿನ ತುದಿಯ ಇಬ್ಬನಿಯನ್ನು ಕುಡಿಯುವುದು, ಎಲ್ಲವನ್ನೂ ಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದ. ನೆಂಟರ ಸುದ್ದಿಯೂ ಇಷ್ಟು ಹೇಳಿದವರಲ್ಲ ಎಂದು ಅಮ್ಮ ಮೂತಿ ತಿರುವುತ್ತಿದ್ದಳು. ಆದರೂ ಇವತ್ತು ಏನು ಮಾಡಿದವು ಎಂದು ಅವಳೇ ಮೊದಲು ಕೇಳುತ್ತಿದ್ದಳು. ಮಳೆ ಬಂದು ಬಯಲು ಹಸಿರಾದ ಹೊತ್ತಿಗೆ ಅವನು ತಂಡಕ್ಕೆ ಹಿಂತಿರುಗಿದ. ಕೆಳಗೆ ಮಾತ್ರ ಮತ್ತೆ ಇಳಿಯಲಿಲ್ಲ.

ಅಪ್ಪನಿಗೆ ಬಯಲು ಸಿಕ್ಕಿತು. ಇಟ್ಟಿಗೆಯ ಮರೆಯಲ್ಲಿ ಉಸಿರು ಹಿಡಿದು ಕೂತಿದ್ದವಳಿಗೆ ಅವನ ಬೆನ್ನಲ್ಲದೆ ಬೇರೇನೂ ಕಂಡಿರಲಿಲ್ಲ. ಅವನ ಹೆದರಿಕೆ ಸದ್ದಿಲ್ಲದೆ ಅವಳಿಗೆ ವರ್ಗವಾಗಿತ್ತು.

ಕೊನೆಯ ದಿನಗಳಲ್ಲಿ, ಅಂಗಳದ ಹಾಸಿಗೆಯಿಂದ, ಅವನು ಅವಳ ಮಣಿಕಟ್ಟು ಹಿಡಿದುಕೊಂಡು ಆ ಮಾತು ಕೇಳಿದ. ಸತ್ತ ಮೇಲೆ ಏನೂ ಗೊತ್ತಾಗುವುದಿಲ್ಲವಪ್ಪ ಎಂದು ಅವಳು ಸಮಾಧಾನ ಹೇಳಿದಳು.

"ಎಲ್ಲರೂ ಹಾಗೇ ಅಂತಾರೆ," ಎಂದ. "ಗೊತ್ತಾದ್ರೆ?"

*

ಹಗ್ಗದಣ್ಣ ಅವಳ ಸೊಂಟಕ್ಕೆ ಗಂಟು ಬಿಗಿದು, ಎರಡು ಸಲ ಎಳೆದು ನೋಡಿ, "ನನ್ನ ಕೈಲಿರುತ್ತೆ," ಎಂದಷ್ಟೇ ಹೇಳಿದ. ಹಾರೆ ಮಾಮ ಉಳಿದವರನ್ನೆಲ್ಲ ಅಂಚಿನಿಂದ ದೂರ ಅಟ್ಟಿ, ರಾಶಿಯನ್ನು ಸಾಧ್ಯವಾದಷ್ಟು ಹಿಂದಕ್ಕೆ ಎಳೆಸಿದ್ದ.

ಇಳಿಯುವಾಗ ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಇನ್ನೂ ಕೆಟ್ಟದ್ದು ಕಾಣುತ್ತಿತ್ತು. ಮೂಗಿನ ಮುಂದೆಯೇ ಗೋಡೆ ಮೇಲೇರತೊಡಗಿತು. ಮೊದಲು ಹುಲ್ಲಿನ ಬೇರಿನ ದಟ್ಟ ಕೂದಲು. ಆಮೇಲೆ ಕಪ್ಪು ಮಣ್ಣು. ಆಮೇಲೆ ಹರಳು ಬೆರೆತ ಕೆಂಪು. ಆಮೇಲೆ ಬೆವರಿದ ಮೈಯಂತೆ ಹೊಳೆಯುವ ಜೇಡಿ. ಪಾದ ತಳ ಮುಟ್ಟಿದಾಗ ಮೇಲಿನ ಮಾತುಕತೆಯೆಲ್ಲ ಯಾರೋ ಬಾಗಿಲು ಹಾಕಿದಂತೆ ನಿಂತುಹೋಯಿತು. ಆಕಾಶ ಒಂದು ತಟ್ಟೆಯಷ್ಟಾಗಿತ್ತು. ಅವಳು ಬಿಟ್ಟ ಉಸಿರು ಗೋಡೆಗೆ ತಾಗಿ ಅವಳ ಮುಖಕ್ಕೇ ವಾಪಸು ಬಂತು. ಒಂದು ರಾತ್ರಿ, ಒಂದು ಬೆಳಗು ಅಪ್ಪ ಇಂಥದ್ದರೊಳಗೆ, ತಟ್ಟೆಯಷ್ಟು ಆಕಾಶವೂ ಇಲ್ಲದೆ ಇದ್ದ.

"ಸುರೀರಿ," ಎಂದಳು. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದಳು.

ಮೊದಲ ಬುಟ್ಟಿ ಬಿತ್ತು. ಮೊದಲೇ ಗೊತ್ತಿದ್ದರೂ ಅವಳು ಗೋಡೆಗೆ ಅಂಟಿಕೊಂಡಳು. ಧೂಳು ಬಾಯಿಗೆ ಬಂತು. ಉಗುಳಿ, ಮುಂದೆ ಬಂದು, ಸಡಿಲ ಮಣ್ಣಿನ ಮೇಲೆ ಹಿಮ್ಮಡಿ ಊರಿ ತುಳಿದಳು. ಸುತ್ತಿ ಸುತ್ತಿ ತುಳಿದಳು. ಎರಡನೆಯ ಬುಟ್ಟಿ. ಮತ್ತೊಂದು. ಎಷ್ಟು ತುಳಿದರೂ ಆಕಾಶ ಹತ್ತಿರ ಬರುವಂತೆ ಕಾಣಲಿಲ್ಲ.

ಗೋಡೆ ಉದುರಿದ್ದು ಆಗ. ಅದೇ ಸದ್ದು. ಬಟ್ಟೆಯನ್ನು ಜಾಗ್ರತೆಯಿಂದ ಹರಿದಂತೆ. ಅವಳ ಬೆನ್ನ ಹಿಂದೆ ಒಂದು ಹೆಂಟೆ ಕಳಚಿ ಭುಜಕ್ಕೆ ಬಡಿದು, ತಣ್ಣಗೆ ಕುತ್ತಿಗೆಯೊಳಗೆ ಇಳಿಯಿತು. ಕಾಲು ಮೊಣಕಾಲಿನವರೆಗೆ ಹೂತುಕೊಂಡಿತು. ಅವಳ ಗಂಟಲಿನಿಂದ ಹೊರಟದ್ದು ಕೂಗಲ್ಲ; ನೀರಲ್ಲಿ ಮುಳುಗುವವರು ಗಾಳಿ ಎಳೆಯುವ ಸದ್ದು. ಮೇಲೆ ಗಲಾಟೆಯೆದ್ದಿತು. ಹಗ್ಗ ಸೊಂಟವನ್ನು ಬಿಗಿಯಿತು.

"ಎಳೀಲಾ?" ಹಗ್ಗದಣ್ಣನ ದನಿ ಬಹಳ ದೂರದಿಂದ ಬಂತು.

ಅವಳು ಹಗ್ಗ ಹಿಡಿದಳು. ಎಳೆಯಿರಿ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಎಳೆದರೆ ಮೇಲೆ ಬಯಲು, ಗಾಳಿ, ಮಹಡಿಯ ಕೋಣೆ. ಆಮೇಲೆ ಮಳೆ. ಪ್ರತಿ ಮಳೆ. ಅವಳು ಹೂತ ಕಾಲನ್ನು ಒಂದೊಂದಾಗಿ ಕಿತ್ತು, ಬಿದ್ದ ಹೆಂಟೆಯ ಮೇಲೆಯೇ ಏರಿ ನಿಂತಳು.

"ಬೇಡ," ಎಂದಳು. "ಈ ಕಡೆಯಿಂದ ಸುರೀರಿ. ಎಡಗಡೆ ಸಡಿಲ ಇದೆ."

ಎಷ್ಟು ಹೊತ್ತಿಗೆ ಎಂದು ಹೇಳಲಾಗದು, ಕೆಂಪು ಪದರ ಅವಳ ಕಣ್ಣಿನ ಮಟ್ಟಕ್ಕೆ ಬಂತು. ಬುಟ್ಟಿಗಳು ಬೇಗ ಬೇಗ ಬರತೊಡಗಿದ್ದವು. ನೆಂಟರು ಚಪ್ಪಲಿ ಬಿಟ್ಟು ಸಾಲು ನಿಂತಿದ್ದಾರೆ, ಚಿಕ್ಕಪ್ಪನೂ ಪ್ಯಾಂಟು ಮಡಚಿ ಬುಟ್ಟಿ ಹೊರುತ್ತಿದ್ದಾನೆ, ಡಿಪೋ ಮುಳುಗಿದರೂ ಈಗ ಆತನಿಗೆ ಗೊತ್ತಾಗುವುದಿಲ್ಲ ಎಂದು ಗಿಡ್ಡ ಮೇಲಿನಿಂದ ಸುದ್ದಿ ಕೊಡುತ್ತಿದ್ದ. ಕಪ್ಪು ಮಣ್ಣು ಬಂತು. ಅದರ ಜೊತೆಗೆ ಸದ್ದುಗಳು ಒಂದೊಂದಾಗಿ ಹಿಂತಿರುಗಿದವು: ಗುದ್ದಲಿ ಕೆರೆಯುವುದು, ಯಾರದೋ ಕೆಮ್ಮು, ದೂರದ ಗುಡುಗು. ಗೋಡೆಯಲ್ಲಿ ಇರುವೆಗಳು ಕತ್ತರಿಸಿಹೋದ ತಮ್ಮ ದಾರಿಯ ಬಾಯಲ್ಲಿ ನಿಂತು, ಆಚೆ ದಡ ಎಲ್ಲಿಗೆ ಹೋಯ್ತೆಂದು ಮೀಸೆ ಆಡಿಸುತ್ತಿದ್ದವು. ಒಂದು ಬಿಳಿ ಬೇರಿನ ತುದಿಯಲ್ಲಿ ನೀರಿನ ಹನಿ ಜೋತಿತ್ತು. ತಾನು ಅದನ್ನು ನೋಡುತ್ತ ನಿಂತಿದ್ದೇನೆ, ತುಳಿಯುವುದನ್ನು ಮರೆತಿದ್ದೇನೆ ಎಂದು ಅವಳಿಗೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು.

ಹುಲ್ಲಿನ ಬೇರು. ಹುಲ್ಲು. ಅದರಾಚೆ ಜನರ ಪಾದಗಳು, ಆಮೇಲೆ ಮೊಣಕಾಲು, ಆಮೇಲೆ ಮುಖಗಳು. ಅಮ್ಮ ವ್ಯಾನಿನಿಂದ ಇಳಿದುಬಂದು, ಕೈಚೀಲ ಹಿಡಿದೇ ನಿಂತಿದ್ದಳು. ಗುಂಡಿಯ ಅಂಚು ಮಗಳ ಸೊಂಟಕ್ಕೆ ಇನ್ನೇನು ಸರಿಹೋಗಬೇಕು. ಚಿಕ್ಕಪ್ಪ ಕೊನೆಯ ಬುಟ್ಟಿಯನ್ನು ಅವಳ ಮುಂದೆ ಬೋರಲು ಹಾಕಿದ.

ಅವಳು ಕಾಲೆತ್ತಿದಳು. ಮಣ್ಣಿನಲ್ಲಿ ಒಂದು ಹೆಂಟೆ ಉಸಿರಾಡಿತು.

ಮುಷ್ಟಿಯಷ್ಟು ದೊಡ್ಡದು, ಮಣ್ಣಿನದೇ ಬಣ್ಣ. ಅದು ಒಂದು ಕಣ್ಣು ತೆರೆಯಿತು, ಆಮೇಲೆ ಇನ್ನೊಂದು. ಅಂಚಿನಿಂದ ಬಗ್ಗಿ ನೋಡಿದ ಹಾರೆ ಮಾಮ, "ನೆಲಗಪ್ಪೆ," ಎಂದ. "ಒಳಗೆ ಮಲಗಿತ್ತು. ನಾವು ಎಬ್ಬಿಸಿಬಿಟ್ವಿ." ಗಿಡ್ಡ ಅದನ್ನು ಆಚೆ ಎತ್ತಿಹಾಕಲು ಸಲಿಕೆ ಚಾಚಿದ. ಮಗಳು ಕೈ ಅಡ್ಡ ಹಿಡಿದಳು. ಕಪ್ಪೆ ಆಕಾಶವನ್ನು ನೋಡಿತು, ಸುತ್ತ ನಿಂತವರನ್ನು ನೋಡಿತು, ಇದ್ಯಾವುದೂ ತನಗೆ ಬೇಡವೆಂಬಂತೆ ಹಿಂಗಾಲುಗಳನ್ನು ಮಣ್ಣಿಗೆ ಊರಿತು. ಎಡಗಾಲಲ್ಲಿ ಒಮ್ಮೆ ಕೆರೆಯಿತು, ಬಲಗಾಲಲ್ಲಿ ಒಮ್ಮೆ. ಮೈಯನ್ನು ಅತ್ತಿತ್ತ ಆಡಿಸುತ್ತ, ಒಳ್ಳೆಯ ಹಾಸಿಗೆಯಲ್ಲಿ ಜಾಗ ಮಾಡಿಕೊಳ್ಳುವವರಂತೆ, ಹಿಂದುಹಿಂದಾಗಿ ಇಳಿಯತೊಡಗಿತು.

ಮಳೆಯ ಮೊದಲ ಹನಿಗಳು ಬಿದ್ದವು. ಬುಟ್ಟಿ ಹಿಡಿದವರು ಹಿಡಿದಂತೆಯೇ ನಿಂತರು. ಯಾಕೆ ನಿಲ್ಲಿಸಿದಿರಿ ಎಂದು ಹಿಂದಿನಿಂದ ಯಾರೋ ಕೇಳಿದರು. ಮಗಳು ಮೊಣಕಾಲೂರಿ ಕೂತಿದ್ದಳು. ಅವಳ ಮಣ್ಣು ಮೆತ್ತಿದ ಭುಜಗಳು ಮೆಲ್ಲಗೆ ಕುಲುಕುತ್ತಿದ್ದವು. ಅಮ್ಮ ಗಾಬರಿಯಿಂದ ಮುಂದೆ ಬಂದು, ಅವಳ ಮುಖದಲ್ಲಿ ನಗು ಕಂಡು, ಕೈಚೀಲವನ್ನು ನೆಲಕ್ಕಿಟ್ಟಳು.

ಕಪ್ಪೆಯ ಬೆನ್ನು ಮುಳುಗಿತು. ಮೇಲೆ ಎರಡು ಕಣ್ಣು ಮಾತ್ರ ಉಳಿದು, ಮಳೆಹನಿಯೊಂದು ಪಕ್ಕದಲ್ಲೇ ಬಿದ್ದರೂ ಮುಚ್ಚದೆ, ನೆಟ್ಟಗೆ ಆಕಾಶವನ್ನು ನೋಡುತ್ತಿದ್ದವು. ಆಮೇಲೆ ಮಣ್ಣಿನ ಪುಡಿ ನಾಲ್ಕು ದಿಕ್ಕಿನಿಂದ ಜಾರಿಬಂದು ಅವುಗಳ ಮೇಲೆ ಕೂಡಿಕೊಂಡಿತು. ಮಗಳು ಎದ್ದು, ಆ ಅಂಗೈಯಗಲದ ಜಾಗವನ್ನು ತುಳಿಯದೆ, ಪಾದಗಳನ್ನು ಅದರ ಎರಡೂ ಪಕ್ಕಕ್ಕೆ ಸರಿಸಿಟ್ಟು, ಅಪ್ಪನನ್ನು ಇಳಿಸಿಕೊಳ್ಳಲು ತೋಳು ಚಾಚಿದಳು.